ಕೆರೆಯ ಕೋಡಿಯೂ ಮೂಸಿಯ ನೆರೆಯೂ

ಹೈದರಾಬಾದಿನಲ್ಲಿ ಕೆಲಕಾಲವಾದರೂ ಬಾಳಿದ ಕನ್ನಡಿಗನಿಗೆ ೧೯೦೮ನೆಯ ಇಸವಿ ಸೆಪ್ಟೆಂಬರ್ ೨೮ರ ಮೂಸಿ ನದಿಯ ಮಹಾಪೂರದ ವಿಷಯ ಕಿವಿಗೆ ಬೀಳದೆ ಇರುವುದಿಲ್ಲ. ಇಂದು ಉಸ್ಮಾನಿಯಾ ಆಸ್ಪತ್ರೆಯಿರುವ ಆವರಣದಲ್ಲಿನ ಹುಣಿಸೆಯ ಮರವನ್ನೇರಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರೆಂಬುದನ್ನೂ, ಸಾವಿರಾರು ಜನರು ಕೊಚ್ಚಿಹೋದರೆಂಬುದನ್ನೂ, ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಅರಮನೆಯ ಬಾಗಿಲುಗಳನ್ನು ನಿರಾಶ್ರಿತರಿಗೆ ತೆರೆಯಿಸಿದರೆಂಬುದನ್ನೂ ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಈ ಕಥನವೆಲ್ಲ ನಗರದ ಸೇತುವೆಗಳ ಬಳಿ ಮೊದಲಾಗಿ ನಗರದ ಬೀದಿಗಳಲ್ಲಿಯೇ ಮುಗಿಯುತ್ತದೆ. ನೀರು ಬಂದದ್ದು ಹಳ್ಳಿಗಾಡಿನಿಂದ. ಅಲ್ಲಿ ಆ ಎರಡು ದಿನಗಳಲ್ಲಿ ಏನು ನಡೆಯಿತೆಂಬುದನ್ನು ಕೇಳುವವರು ವಿರಳ.

ಹಾಗೆ ಕೇಳಿದವರಲ್ಲಿ ಮೊದಲಿಗರು ನಮ್ಮವರೇ ಆದ ಶ್ರೀ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಸೇವೆಯಿಂದ ಆಗತಾನೆ ಬಿಡುಗಡೆ ಪಡೆದು ಯೂರೋಪಿನಲ್ಲಿ ಪ್ರವಾಸ ಮಾಡುತ್ತಿದ್ದ ಅವರಿಗೆ ನಿಜಾಂ ಸರ್ಕಾರದ ಆಹ್ವಾನ ಮುಟ್ಟಿತು. ೧೯೦೯ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅವರು ಹೈದರಾಬಾದಿಗೆ ಬಂದು, ಮಳೆಯ ಅಳತೆ, ನೆರೆಯ ಗುರುತು, ನದಿಯ ಇಳಿಜಾರು ಎಲ್ಲವನ್ನೂ ಶೋಧಿಸಿದರು. ನಗರದ ಮೇಲುಗಡೆ ಮೂಸಿ ಮತ್ತು ಈಸಿ ನದಿಗಳ ಜಲಾನಯನ ಪ್ರದೇಶ ಸುಮಾರು ೮೬೦ ಚದರ ಮೈಲಿ. ಅವರ ಎಣಿಕೆಯಂತೆ ಅಷ್ಟರಲ್ಲಿ ೭೮೮ ಕೆರೆಗಳಿದ್ದವು. ಎಂದರೆ ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ. ಆ ಮಳೆಯಲ್ಲಿ ಇವುಗಳ ಪೈಕಿ ೨೨೧ ಕೆರೆಗಳ ಏರಿಗಳು ಒಡೆದುಹೋದವು.

ಈ ೨೨೧ ಎಂಬ ಅಂಕಿಯೇ ಪ್ರಕೃತ ಲೇಖನಕ್ಕೆ ಪ್ರೇರಣೆ. ಕೆರೆಯೆಂದರೆ ಬೇಸಾಯಕ್ಕೆ ನೀರು ಕೂಡಿಸಿಡುವ ಸಾಧನವೆಂದೇ ನಾವು ಎಣಿಸಿದ್ದೇವೆ. ಆದರೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಕಟ್ಟಿದ ಕೂಡಲೆ, ಕಟ್ಟಿದವನ ಉದ್ದೇಶ ಏನೇ ಇರಲಿ, ಅದು ನೆರೆಯ ವ್ಯವಹಾರದಲ್ಲಿಯೂ ಕೈಹಾಕಿದಂತಾಯಿತು. ಅದು ನೆರೆಯನ್ನು ತಡೆದೀತು, ಅಥವಾ ಹೆಚ್ಚಿಸೀತು; ಸುಮ್ಮನಿರಲಾರದು. ೧೯೦೮ರಲ್ಲಿ ಅದು ಮಾಡಿದ್ದೇನು? ಈ ಪ್ರಶ್ನೆಗೆ ಉತ್ತರ ಏರಿಯಲ್ಲಿಲ್ಲ, ಕೋಡಿಯಲ್ಲಿದೆಯೆಂಬುದು ನನ್ನ ಅಭಿಪ್ರಾಯ.

ದಖ್ಖನಿನ ನೆಲದ ಸ್ವರೂಪವನ್ನು ಮೊದಲು ನೆನೆಯಬೇಕು. ಕೋಲಾರ, ತುಮಕೂರು, ಚಿತ್ರದುರ್ಗದ ಸೀಮೆಗಳಿಂದ ಹಿಡಿದು ರಾಯಲಸೀಮೆಯನ್ನು ಹಾದು ತೆಲಂಗಾಣದ ತನಕ ಭೂಮಿಯ ಮೈ ಒಂದೇ ಬಗೆಯದು: ಅಲೆಯಲೆಯಾದ ಬಯಲು, ನಡುನಡುವೆ ಬೋಳುಬಂಡೆಯ ಗುಡ್ಡ, ತಳದಲ್ಲಿ ಕಲ್ಲು, ಮೇಲೆ ತೆಳುವಾದ ಮಣ್ಣು. ಮಳೆ ಬಿದ್ದರೆ ಇಂಗಲು ಎಡೆ ಕಡಮೆ; ಗಂಟೆಯೊಳಗೆ ಹಳ್ಳ ತುಂಬುತ್ತದೆ, ದಿನದೊಳಗೆ ಬತ್ತುತ್ತದೆ. ಇಂಥ ನೆಲದಲ್ಲಿ ಬಾಳಿದವರು ಎರಡು ದಿನ್ನೆಗಳ ನಡುವಣ ಇಳಿಜಾರಿಗೆ ಬಿಲ್ಲಿನಂತೆ ಬಾಗಿದ ಮಣ್ಣಿನ ಏರಿ ಹಾಕಿ, ನೀರಿನ ಮಗ್ಗುಲಿಗೆ ಕಲ್ಲುಕಟ್ಟಡ ಹೊದಿಸಿ, ಏರಿಯ ಬುಡದಲ್ಲಿ ತೂಬಿಟ್ಟು, ಒಂದು ತುದಿಯಲ್ಲಿ ಗಟ್ಟಿನೆಲ ನೋಡಿ ಕೋಡಿ ಬಿಟ್ಟರು. ಒಂದು ಕೆರೆಯ ಕೋಡಿಯ ನೀರು ಕೆಳಗಣ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಣದಕ್ಕೆ; ಹೀಗೆ ಸರಪಣಿಯಾಗಿ ಹಳ್ಳದುದ್ದಕ್ಕೂ ಕೆರೆಗಳು ಹಬ್ಬಿದವು. ೧೮೬೬ರಲ್ಲಿ ಮೈಸೂರು ಸೀಮೆಯ ನೀರಾವರಿಯನ್ನು ಪರಿಶೀಲಿಸಿದ ಎಂಜಿನಿಯರ್ ಸ್ಯಾಂಕಿಯವರು ರಾಜ್ಯದ ವಿಸ್ತೀರ್ಣದಲ್ಲಿ ಶೇಕಡ ೬೦ರಷ್ಟು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಲೆಕ್ಕಹಾಕಿ, ಹೊಸ ಕೆರೆಗೆ ತಕ್ಕ ಜಾಗ ಹುಡುಕಲು ಜಾಣತನವೇ ಬೇಕಾದೀತೆಂದು ಬರೆದರು. ಆ ಜಾಣತನವನ್ನು ಹಿಂದಿನವರು ಆಗಲೇ ಖರ್ಚುಮಾಡಿ ಮುಗಿಸಿದ್ದರೆಂದು ಅರ್ಥ.

ಸಾಧಾರಣ ಮಳೆಗಾಲದಲ್ಲಿ ಈ ಸರಪಣಿ ನೆರೆಗೆ ಕಡಿವಾಣವೇ ಸರಿ. ಮುಂಗಾರಿನ ಹೊತ್ತಿಗೆ ಕೆರೆಗಳು ಬತ್ತಿ ಬಾಯ್ದೆರೆದಿರುತ್ತವೆ. ಮೊದಲ ಹರಿವನ್ನೆಲ್ಲ ಅವು ಕುಡಿದುಬಿಡುತ್ತವೆ. ತುಂಬಿದ ಮೇಲೂ ಕೋಡಿಯ ಮಟ್ಟದಿಂದ ಏರಿಯ ತಲೆಯ ತನಕ ಇರುವ ಮೂರು ನಾಲ್ಕು ಅಡಿ ತೆರಪಿನಲ್ಲಿ ನೀರು ಕ್ಷಣಕಾಲ ಹರಡಿ ನಿಂತು ಆಮೇಲೆ ಹೊರಬೀಳುವುದರಿಂದ ಪೂರದ ನೆತ್ತಿ ಮೊಟಕಾಗುತ್ತದೆ. ಕೆಳಗಿನ ಹೊಲಗಳ ಮಣ್ಣು ಕೊಚ್ಚದೆ ಉಳಿಯುತ್ತದೆ. ಹಳ್ಳದ ಬದಿಯ ಊರುಗಳು ಇಷ್ಟು ಹತ್ತಿರದಲ್ಲಿ ನೂರಾರು ವರ್ಷ ನಿಂತಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಅತಿವೃಷ್ಟಿಯ ಕಾಲದ ಮಾತು ಬೇರೆ. ಕೆರೆ ಕಟ್ಟುತ್ತಿದ್ದವರಿಗೆ ಅದು ತಿಳಿದಿರಲಿಲ್ಲವೆಂದು ಎಣಿಸುವುದು ತಪ್ಪು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಶಕವರ್ಷ ೧೨೯೧ರ, ಎಂದರೆ ಕ್ರಿ. ಶ. ೧೩೬೯ರ, ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಯ ವಿವರ ಅದರಲ್ಲಿ ದೊರೆಯುತ್ತದೆ. ಸಾವಿರ ಆಳುಗಳೂ ಕಲ್ಲು ಸಾಗಿಸಲು ನೂರು ಬಂಡಿಗಳೂ ಎರಡು ವರ್ಷ ದುಡಿದು ಈ ಕೆಲಸ ಪೂರೈಸಿತೆಂದು ಶಾಸನ ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳಿದ ಬಳಿಕ ಶಾಸನಕಾರನು ಆರು ದೋಷಗಳನ್ನೂ ಹೇಳುತ್ತಾನೆ. ಏರಿಯಲ್ಲಿ ನೀರು ಜಿನುಗುವುದು ಒಂದು. ಚೌಳು ನೆಲ ಒಂದು. ಎರಡು ರಾಜ್ಯಗಳ ಗಡಿಯಲ್ಲಿರುವುದು ಒಂದು. ಕೆರೆಯ ನಡುವೆ ಆಮೆಯ ಬೆನ್ನಿನಂಥ ದಿಬ್ಬವಿರುವುದು ಒಂದು. ನೆಲ ಹೆಚ್ಚಾಗಿ ನೀರು ಕಡಮೆಯಾಗುವುದು ಒಂದು. ನೀರು ಹೆಚ್ಚಾಗಿ ನೆಲ ಕಡಮೆಯಾಗುವುದು ಕಡೆಯದು. ಈ ಕಡೆಯ ದೋಷವೇ ನಮಗಿಲ್ಲಿ ಮುಖ್ಯ. ನೀರು ಹೆಚ್ಚಾಗಿ ಬರುವುದು ಪುಣ್ಯವೆಂದು ಭಾವಿಸುವ ಒಣನಾಡಿನ ಮಧ್ಯದಲ್ಲಿ ನಿಂತು, ಅಳತೆಗೆ ಮೀರಿದ ನೀರು ದೋಷವೆಂದು ಕಲ್ಲಿನ ಮೇಲೆ ಕೆತ್ತಿಸಿದವನು ಎಲ್ಲಿಯೋ ಒಂದು ಏರಿ ಒಡೆದದ್ದನ್ನು ಕಣ್ಣಾರೆ ಕಂಡವನೇ ಇರಬೇಕು. ಗಡಿಯ ಕೆರೆ ದೋಷವೆಂಬ ಮಾತನ್ನಂತೂ ನಮ್ಮ ಕಾಲದ ಅಂತರರಾಜ್ಯ ಜಲವಿವಾದಗಳ ನ್ಯಾಯಾಧೀಶರು ಓದಿದ್ದರೆ ನಕ್ಕಾರು.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯ ನಿರ್ಮಾಣಕ್ಕಿಂತ ಅದರ ಪಾಲನೆಯ ವಿಚಾರ ಕಡಮೆಯೇನಿಲ್ಲ. ಕೆರೆ ಕಟ್ಟಿದವನಿಗೂ ಕಾಪಾಡಿದವನಿಗೂ ಬಿಟ್ಟ ಭೂಮಿಗೆ ಕಟ್ಟುಕೊಡಗೆಯೆಂದು ಹೆಸರು. ಹೂಳೆತ್ತಿ ಏರಿಗೆ ಮಣ್ಣು ಹಾಕುವ ಬಂಡಿಗಾಗಿಯೂ, ಬಂಡಿಯ ಎತ್ತುಗಳಿಗಾಗಿಯೂ ದತ್ತಿ ಬಿಟ್ಟ ಉದಾಹರಣೆಗಳಿವೆ. ಮಣ್ಣಿನ ಏರಿ ಕಲ್ಲಿನ ಗುಡಿಯಂತಲ್ಲ. ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. ದನ ತುಳಿದು ತಲೆ ತಗ್ಗುತ್ತದೆ, ಮರದ ಬೇರು ಬಿರುಕು ಬಿಡಿಸುತ್ತದೆ, ಇಲಿ ಏಡಿಗಳು ಬಿಲ ತೋಡುತ್ತವೆ. ವರ್ಷವರ್ಷವೂ ಮಂಕರಿ ಮಣ್ಣು ಬೀಳದಿದ್ದರೆ ಏರಿ ತಾನಾಗಿ ಇಳಿಯುತ್ತದೆ.

ಕೋಡಿಯ ವಿಷಯಕ್ಕೆ ಬರೋಣ. ನಮ್ಮ ಭಾಷೆಯಲ್ಲಿ ಕೋಡಿ ಬೀಳುವುದು ಸಂತೋಷದ ಮಾತು. ಕೆರೆ ಕೋಡಿ ಬಿದ್ದಿತೆಂದರೆ ಊರವರು ಗಂಗಮ್ಮನಿಗೆ ಬಾಗಿನ ಕೊಡುತ್ತಾರೆ. ಆದರೆ ಕೋಡಿ ಬೀಳುವ ಗಳಿಗೆಯೇ ಏರಿಗೆ ಗಂಡಾಂತರದ ಗಳಿಗೆ. ಮಣ್ಣಿನ ಏರಿ ತನ್ನ ಎದೆಗೆ ಒತ್ತುವ ನೀರನ್ನು ಎಷ್ಟು ಬೇಕಾದರೂ ತಾಳೀತು. ನೆತ್ತಿಯ ಮೇಲೆ ಹರಿಯುವ ನೀರನ್ನು ತಾಳದು. ಒಂದು ಗೇಣು ನೀರು ಏರಿಯ ತಲೆಯನ್ನು ದಾಟಿ ಹಿಂಬದಿಯ ಇಳಿಜಾರಿನಲ್ಲಿ ಬಿದ್ದರೆ, ಅಲ್ಲಿ ಮಣ್ಣು ಕೊರೆದು ಕೊರಕಲಾಗಿ, ಕೊರಕಲು ಹಿಂದಕ್ಕೆ ಸರಿಯುತ್ತ ನೆತ್ತಿಯನ್ನು ಮುಟ್ಟಿ, ಕೆಲವು ಗಂಟೆಗಳಲ್ಲಿ ನೂರು ವರ್ಷದ ಏರಿ ಬಾಯಿಬಿಡುತ್ತದೆ. ಆದುದರಿಂದ ಏರಿಯ ಆಯುಸ್ಸು ಇರುವುದು ಕೋಡಿಯ ಅಗಲದಲ್ಲಿ, ಮತ್ತು ಏರಿಗೂ ಕೋಡಿಗೂ ಇರುವ ಎತ್ತರದ ಅಂತರದಲ್ಲಿ.

ದಕ್ಷಿಣದ ಅನೇಕ ಕೆರೆಗಳ ಕೋಡಿಕಟ್ಟೆಯ ಮೇಲೆ ಸಾಲಾಗಿ ಕಲ್ಲುಕಂಬಗಳನ್ನು ನೆಟ್ಟಿರುವುದನ್ನು ವಾಚಕರು ಕಂಡಿರಬಹುದು. ಅವು ಅಲಂಕಾರಕ್ಕಲ್ಲ. ಮಳೆಗಾಲ ಮುಗಿಯುತ್ತ ಬಂದಾಗ ಕಂಬಗಳ ನಡುವೆ ಹುಲ್ಲುಹೆಂಟೆ, ಸೊಪ್ಪು, ಜೇಡಿಮಣ್ಣು ತುಂಬಿ ಕೋಡಿಯನ್ನು ಒಂದೆರಡು ಅಡಿ ಎತ್ತರಿಸಿ, ಕಡೆಯ ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುವ ಉಪಾಯವಿದು. ನೆರೆ ಬರುವ ಸೂಚನೆಯಾದರೆ ಅದನ್ನು ಕಿತ್ತುಹಾಕಬೇಕು. ನಿಯಮ ಸರಳ, ಆಚರಣೆ ಕಠಿಣ. ಕೆರೆಯ ಒಡಲಿಗೆ ಒಂದಡಿ ನೀರು ಹೆಚ್ಚಾದರೆ ಅಚ್ಚುಕಟ್ಟಿನ ಕಡೆಯ ಗದ್ದೆಗಳಿಗೂ ಎರಡನೆಯ ಬೆಳೆ ಸಿಕ್ಕೀತು. ಆ ಗದ್ದೆಯವನಿಗೆ ಹೆಂಟೆ ಕೀಳುವುದೆಂದರೆ ತನ್ನ ಅನ್ನವನ್ನೇ ಕಿತ್ತಂತೆ. ಕೆರೆಯಂಗಳದ ಮೇಲ್ಭಾಗದಲ್ಲಿ ಹೊಲವಿದ್ದವನಿಗಾದರೋ ಹೆಂಟೆ ಇಟ್ಟರೆ ಬೆಳೆ ಮುಳುಗುತ್ತದೆ. ಇವನು ಇಟ್ಟದ್ದನ್ನು ಅವನು ರಾತ್ರಿ ಕಿತ್ತು, ಬೆಳಗ್ಗೆ ಪಂಚಾಯಿತಿ ಸೇರುವುದು ಹಳ್ಳಿಗಳಲ್ಲಿ ಹೊಸದಲ್ಲ.

ಈ ಲೇಖಕನು ಬಾಲ್ಯದಲ್ಲಿ ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ಇಂಥದೊಂದು ರಾತ್ರಿಯನ್ನು ಕಂಡದ್ದುಂಟು. ಹಿಂಗಾರಿನ ಮಳೆ ಬಿಡದೆ ಹುಯ್ಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ತಮಟೆಯ ಸದ್ದಾಗಿ, ಮನೆಗೊಬ್ಬರಂತೆ ಗಂಡಸರು ಗುದ್ದಲಿ ಹಿಡಿದು ಏರಿಯ ಮೇಲೆ ಹೋದರು. ನೀರುಗಂಟಿಯು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಕೋಡಿಗೆ ಇಳಿದು, ಕಂಬಗಳ ನಡುವಣ ಹೆಂಟೆಯನ್ನು ಒಂದೊಂದಾಗಿ ಕಾಲಿನಿಂದ ಒದ್ದು ಬಿಡಿಸಿದನೆಂದು ತಂದೆಯವರು ಬೆಳಗ್ಗೆ ಬಂದು ಹೇಳಿದರು. ಏರಿ ಉಳಿಯಿತು. ಆ ನೀರುಗಂಟಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದ ಕಣಕ್ಕೆ ಹೋಗಿ ಪಡೆಯುವ ಮೊರದಷ್ಟು ಧಾನ್ಯವೇ ಸಂಬಳ.

ಲೆಕ್ಕಾಚಾರ ಬಲ್ಲವರಿಗಾಗಿ ಒಂದು ಸಣ್ಣ ಗಣನೆಯನ್ನು ಕೊಡುತ್ತೇನೆ, ಬೇಸರವಾದವರು ದಾಟಿಹೋಗಬಹುದು. ಒಂದು ಚದರ ಮೈಲಿ ನೆಲದ ಮೇಲೆ ಗಂಟೆಗೆ ಒಂದು ಅಂಗುಲದಂತೆ ಮಳೆ ಬಿದ್ದು ಅದೆಲ್ಲವೂ ಹರಿದುಬಂದರೆ ಸೆಕೆಂಡಿಗೆ ಸುಮಾರು ೬೪೫ ಘನ ಅಡಿ ನೀರಾಗುತ್ತದೆ. ನೂರು ಅಡಿ ಉದ್ದದ ಕೋಡಿಯ ಮೇಲೆ ಒಂದಡಿ ಆಳದ ನೀರು ಹರಿದರೆ ಸೆಕೆಂಡಿಗೆ ಸುಮಾರು ೩೦೦ ಘನ ಅಡಿ ಹೊರಹೋಗುತ್ತದೆ. ಎರಡಡಿ ಆಳವಾದರೆ ೬೦೦ ಅಲ್ಲ, ೮೫೦. ನಾಲ್ಕಡಿ ಆಳವಾದರೆ ೨,೪೦೦. ಈಗ ಏರಿಯ ತಲೆ ಕೋಡಿಗಿಂತ ನಾಲ್ಕಡಿ ಎತ್ತರದಲ್ಲಿದೆಯೆನ್ನೋಣ. ತೆರೆದ ಕೋಡಿ ಗಂಟೆಗೆ ಮೂರೂವರೆ ಅಂಗುಲದ ಮಳೆಯನ್ನೂ ಸಾಗಹಾಕೀತು. ಅದೇ ಕೋಡಿಗೆ ಎರಡಡಿ ಹೆಂಟೆ ಇಟ್ಟರೆ ಉಳಿಯುವ ತೆರಪು ಎರಡೇ ಅಡಿ. ಸಾಮರ್ಥ್ಯ ೮೫೦ಕ್ಕೆ ಇಳಿಯುತ್ತದೆ. ಎಂದರೆ ಅರ್ಧ ಎತ್ತರ ಮುಚ್ಚಿದರೆ ಮೂರರಲ್ಲಿ ಎರಡು ಪಾಲು ಶಕ್ತಿ ಹೋಯಿತು. ಹೆಂಟೆಯಿಟ್ಟ ರೈತನು ಒಂದಕ್ಕೊಂದು ಸರಿಹೋಯಿತೆಂದು ಎಣಿಸುತ್ತಾನೆ, ನೀರು ಹಾಗೆಣಿಸುವುದಿಲ್ಲ.

ಇದು ಒಂಟಿ ಕೆರೆಯ ಲೆಕ್ಕ. ಸರಪಣಿಯಲ್ಲಿ ಕೆಳಗಿರುವ ಕೆರೆಗೆ ಮೇಲಿನ ಎಲ್ಲ ಕೋಡಿಗಳ ನೀರೂ ಬರುತ್ತದೆ. ಮೇಲಿನ ಒಂದು ಏರಿ ಒಡೆದರಂತೂ ವರ್ಷವೆಲ್ಲ ಕೂಡಿಟ್ಟ ನೀರು ಅರ್ಧ ಗಂಟೆಯಲ್ಲಿ ಬಂದು ಬೀಳುತ್ತದೆ. ಅದನ್ನು ತಾಳುವ ಕೋಡಿಯನ್ನು ಯಾವ ಹಳ್ಳಿಯೂ ಕಟ್ಟಿರಲಾರದು. ಎರಡನೆಯ ಏರಿ ಒಡೆಯುತ್ತದೆ. ಮೂರನೆಯದಕ್ಕೆ ಎರಡು ಕೆರೆಗಳ ನೀರು. ೧೯೦೮ರ ಸೆಪ್ಟೆಂಬರ್ ಕಡೆಯ ವಾರವೆಂದರೆ ಮಳೆಗಾಲದ ಕೊನೆ. ಕೆರೆಗಳು ತುಂಬಿರುವ ಕಾಲ, ಕೋಡಿಗೆ ಹೆಂಟೆ ಏರುವ ಕಾಲ. ಮೇಲುನಾಡಿನ ಶಂಶಾಬಾದಿನಲ್ಲಿ ಒಂದೇ ದಿನದಲ್ಲಿ ಹನ್ನೆರಡು ಅಂಗುಲಕ್ಕೂ ಮೀರಿ ಮಳೆಯಾಯಿತು. ೨೨೧ ಏರಿಗಳಲ್ಲಿ ಎಷ್ಟು ತಮ್ಮ ಪಾಲಿನ ಮಳೆಯಿಂದ ಒಡೆದವು, ಎಷ್ಟು ನೆರೆಯವನ ಏರಿಯಿಂದ ಒಡೆದವು ಎಂಬುದನ್ನು ಬಿಡಿಸಿ ನೋಡಲು ಈಗ ಮಾರ್ಗವಿಲ್ಲ. ಆದರೆ ೭೮೮ ಕೆರೆಗಳು ಒಂದರ ಬೆನ್ನಿಗೊಂದು ಕೂತಿರುವ ನದೀಪಾತ್ರದಲ್ಲಿ ಒಡಕು ಒಂಟಿಯಾಗಿ ಬರುವುದಿಲ್ಲವೆಂಬುದು ಸ್ಪಷ್ಟ. ಕೆರೆಗಳು ನೆರೆಯನ್ನು ತಡೆದವು. ಆಮೇಲೆ ತಡೆದದ್ದನ್ನೆಲ್ಲ ಒಟ್ಟಿಗೆ ಬಿಟ್ಟವು. ವಿಶ್ವೇಶ್ವರಯ್ಯನವರು ಪೂರದ ತುತ್ತತುದಿಯನ್ನು ಸೆಕೆಂಡಿಗೆ ೪,೨೫,೦೦೦ ಘನ ಅಡಿಯೆಂದು ಕಟ್ಟಿದರು.

ಅವರು ಸೂಚಿಸಿದ ಪರಿಹಾರ ಸುಪ್ರಸಿದ್ಧವಾದುದು: ಮೂಸಿಗೂ ಈಸಿಗೂ ನಗರದ ಮೇಲುಗಡೆ ಒಂದೊಂದು ದೊಡ್ಡ ಜಲಾಶಯ. ವರದಿಯನ್ನು ೧೯೦೯ರ ಅಕ್ಟೋಬರಿನಲ್ಲಿ ಒಪ್ಪಿಸಿ, ಮರುತಿಂಗಳೇ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೊರಟುಹೋದರು. ಉಸ್ಮಾನ್ ಸಾಗರ ೧೯೨೦ರಲ್ಲಿಯೂ ಹಿಮಾಯತ್ ಸಾಗರ ೧೯೨೭ರಲ್ಲಿಯೂ ಪೂರ್ಣಗೊಂಡವು. ಆ ಕಾರ್ಯದಲ್ಲಿ ನವಾಬ್ ಅಲಿ ನವಾಜ್ ಜಂಗ್ ಬಹಾದುರರ ಹೆಸರು ಸ್ಮರಣೀಯ. ಇಲ್ಲಿ ಒಂದು ಕುತೂಹಲದ ಸಂಗತಿಯುಂಟು. ಹೈದರಾಬಾದಿಗೆ ಬರುವುದಕ್ಕೆ ಆರು ವರ್ಷ ಮುಂಚೆ, ೧೯೦೩ರಲ್ಲಿ, ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದ ಕೋಡಿಗೆ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಜೋಡಿಸಿದ್ದರು. ಕೋಡಿಯ ಮಟ್ಟಕ್ಕಿಂತ ಸುಮಾರು ಎಂಟು ಅಡಿ ಹೆಚ್ಚು ನೀರನ್ನು ಹಿಡಿದಿಟ್ಟು, ನೀರು ಮಿತಿ ಮೀರಿದೊಡನೆ ಮನುಷ್ಯನ ಕೈಯಿಲ್ಲದೆ ತಾವಾಗಿ ತೆರೆದುಕೊಂಡು, ನೆರೆ ಇಳಿದ ಮೇಲೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳವು. ಹೆಂಟೆಯಿಡುವ ರೈತನ ಆಸೆಯನ್ನೂ, ಅದನ್ನು ಒದೆಯುವ ನೀರುಗಂಟಿಯ ಎಚ್ಚರವನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದಂತೆ. ಕೆರೆಗಳ ನಾಡಾದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರಿಗೆ ಈ ಕಲ್ಪನೆ ಬಂದದ್ದು ಕೇವಲ ಪುಸ್ತಕದಿಂದಲೆಂದು ನಂಬುವುದು ಕಷ್ಟ. ಆದರೆ ಅಂಥ ಬಾಗಿಲು ಖಡಕವಾಸ್ಲಾದಂಥ ದೊಡ್ಡ ಕಟ್ಟಡಕ್ಕೆ ತಕ್ಕದ್ದು. ಚದರ ಮೈಲಿಗೊಂದಿರುವ ಮಣ್ಣಿನ ಕೆರೆಗೆ ಅದನ್ನು ಹಾಕುವವರು ಯಾರು?

ಸಣ್ಣ ಕೆರೆಯ ಬಾಗಿಲು ಮನುಷ್ಯನೇ. ಆ ಮನುಷ್ಯನ ವಿಷಯದಲ್ಲಿ ಸರ್ಕಾರಗಳು ನಡೆದುಕೊಂಡ ರೀತಿ ವಿಚಿತ್ರವಾಗಿದೆ. ಮದರಾಸು ಪ್ರಾಂತದಲ್ಲಿ ೧೮೫೮ರಲ್ಲಿಯೇ ಒಂದು ಕಾನೂನಾಯಿತು: ಕೆರೆ ಕಾಲುವೆಗಳ ಏರಿ ಒಡೆಯುವ ಭಯವಿದ್ದಾಗ ಹಳ್ಳಿಯ ದುಡಿಯುವ ಜನರನ್ನು ಬಲವಂತವಾಗಿ ಕರೆಸಬಹುದು, ಬಾರದವರನ್ನು ದಂಡಿಸಬಹುದು. ಹಿಂದೆ ತಮಟೆಯ ಸದ್ದಿಗೆ ಬರುತ್ತಿದ್ದವರಿಗೆ ಈಗ ಕಾಯಿದೆಯ ಬೆದರಿಕೆ ಬೇಕಾಯಿತೆಂದರೆ ನಡುವೆ ಏನೋ ಮುರಿದಿತ್ತೆಂದೇ ಭಾವಿಸಬೇಕು. ಕಟ್ಟುಕೊಡಗೆಯ ಭೂಮಿಗಳು ಕಂದಾಯದ ಲೆಕ್ಕದಲ್ಲಿ ಕರಗಿದವು. ಕೆರೆ ಸರ್ಕಾರದ್ದಾಯಿತು, ಮಣ್ಣು ಹೊರುವ ಭಾರ ಮಾತ್ರ ಊರಿನದಾಗಿ ಉಳಿಯಿತು. ಮೈಸೂರಿನಲ್ಲಿ ೧೯೧೧ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರರಾಗಿದ್ದ ಕಾಲದಲ್ಲಿಯೇ, ಕೆರೆ ಪಂಚಾಯಿತಿಗಳ ಕಾನೂನು ಹೊರಟಿತು. ಅದರ ಫಲ ಊರಿಂದೂರಿಗೆ ಬೇರೆ.

೧೯೬೧ರ ಕಾಯಿದೆಯಿಂದ ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರಗಳು ರದ್ದಾದವು. ಶಾನುಭೋಗ ಪಟೇಲರೊಡನೆ ತಳಮಟ್ಟದ ಸೇವಕರ ಹುದ್ದೆಗಳೂ ಹೋದವು. ಇದನ್ನು ನೆನೆದು ಹಳೆಯ ಕಾಲಕ್ಕಾಗಿ ಹಲುಬುವವರನ್ನು ಕಂಡಿದ್ದೇನೆ. ಆ ಹಲುಬಾಟದಲ್ಲಿ ನಾನು ಸೇರಲಾರೆ. ನೀರುಗಂಟಿಯ ಕೆಲಸ ಬಹುಮಟ್ಟಿಗೆ ಊರ ಹೊರಗಿಟ್ಟ ಜನರ ತಲೆಯ ಮೇಲೆ ಹುಟ್ಟಿನಿಂದ ಬಿದ್ದದ್ದು. ಊರನ್ನು ಉಳಿಸಿದವನಿಗೆ ಊರ ಬಾವಿಯ ನೀರು ಸಿಕ್ಕದ ವ್ಯವಸ್ಥೆಯದು. ಅದು ತೊಲಗಿದ್ದು ನ್ಯಾಯವೇ. ಆದರೆ ಅವನನ್ನು ಬಿಡುಗಡೆ ಮಾಡಿದವರು ಕೋಡಿಯ ಬಳಿ ಸಂಬಳ ಕೊಟ್ಟು ಇನ್ನೊಬ್ಬನನ್ನು ನಿಲ್ಲಿಸಬೇಕಾಗಿತ್ತು. ಬಹುಪಾಲು ಕೆರೆಗಳಲ್ಲಿ ಹಾಗಾಗಲಿಲ್ಲ.

ಮನುಷ್ಯನೂ ಬೇಡ, ಬಾಗಿಲೂ ಬೇಡ ಎಂಬಂಥ ಮೂರನೆಯ ದಾರಿಯೊಂದನ್ನು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕೆಯವರು ಹಿಡಿದರು. ನಮ್ಮ ಕೆರೆಯೊಡನೆ ಹೋಲಿಸಿ ನೋಡಲು ಅದು ಉಪಯುಕ್ತವಾದುದರಿಂದ ಸ್ವಲ್ಪ ವಿವರಿಸುತ್ತೇನೆ. ಓಕ್ಲಹೋಮ ಸಂಸ್ಥಾನದ ವಾಷಿಟಾ ನದಿಯ ದಡದ ಹ್ಯಾಮನ್ ಎಂಬಲ್ಲಿ ೧೯೩೪ರ ಏಪ್ರಿಲ್ ತಿಂಗಳಿನ ಪೂರಕ್ಕೆ ಹದಿನೇಳು ಜನ ಬಲಿಯಾದರು. ಅದೇ ದಶಕದಲ್ಲಿ ಆ ಬಯಲುಸೀಮೆಯ ಮೇಲ್ಮಣ್ಣು ಧೂಳಾಗಿ ಹಾರಿಹೋಗುತ್ತಿತ್ತು. ೧೯೪೪ರ ನೆರೆ ನಿಯಂತ್ರಣ ಕಾಯಿದೆಯು ಹನ್ನೊಂದು ನದೀಕಣಿವೆಗಳನ್ನು ಆಯ್ದು, ಮೇಲುಹಳ್ಳಗಳಲ್ಲಿಯೇ ಸಣ್ಣ ಅಣೆಗಳನ್ನು ಕಟ್ಟುವ ಕೆಲಸವನ್ನು ಕೃಷಿ ಇಲಾಖೆಗೆ ಒಪ್ಪಿಸಿತು. ೧೯೪೮ರ ಜುಲೈಯಲ್ಲಿ ಕಾರ್ಡೆಲ್ ಎಂಬ ಊರಿನ ಬಳಿ ಕ್ಲೌಡ್ ಕ್ರೀಕ್ ಹಳ್ಳಕ್ಕೆ ಮೊದಲ ಮಣ್ಣಿನ ಏರಿ ಎದ್ದಿತು. ೧೯೫೨ರ ವೇಳೆಗೆ ಸ್ಯಾಂಡ್‌ಸ್ಟೋನ್ ಕ್ರೀಕ್ ಎಂಬ ಒಂದೇ ಹಳ್ಳದ ಕಣಿವೆಯಲ್ಲಿ ಇಂಥ ೨೪ ಏರಿಗಳಾದವು.

ನೋಟಕ್ಕೆ ಅದು ನಮ್ಮ ಕೆರೆಯೇ. ಆದರೆ ನಡತೆ ತಿರುಗುಮುರುಗು. ತಳದಲ್ಲಿ ಹೂಳಿಗೆಂದು ಬಿಟ್ಟ ಸಣ್ಣ ಮಡುವನ್ನುಳಿದು ಆ ಕೆರೆಯನ್ನು ಸದಾ ಬರಿದಾಗಿ ಇಡುತ್ತಾರೆ. ಏರಿಯ ಒಳಮಗ್ಗುಲಲ್ಲಿ ನಿಂತ ಒಂದು ಕೊಳವೆಯ ಬಾಯಿ ಯಾವಾಗಲೂ ತೆರೆದಿರುತ್ತದೆ. ಅದಕ್ಕೆ ಬಾಗಿಲಿಲ್ಲ, ಕಾವಲುಗಾರನಿಲ್ಲ. ನೆರೆ ಬಂದಾಗ ನೀರು ಏರಿಯ ಹಿಂದೆ ಏರಿ ನಿಂತು, ಕೊಳವೆಯ ಮೂಲಕ ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿದುಹೋಗುತ್ತದೆ. ಬದಿಯಲ್ಲಿ ಹುಲ್ಲು ಬೆಳೆಸಿದ ಅಗಲವಾದ ಕೋಡಿಯೊಂದಿರುತ್ತದೆ. ಅದರಲ್ಲಿ ನೀರು ಹರಿಯುವುದು ತಲೆಮಾರಿಗೊಮ್ಮೆ. ಮೇಲಿನ ಹೊಲಗಳವರು ಬದು ಹಾಕಿ, ಅಡ್ಡಸಾಲು ಉತ್ತು ಮಣ್ಣು ಕಾಯುವುದು ಯೋಜನೆಯ ಮೊದಲ ಭಾಗವೇ ಆಗಿತ್ತು. ಖಾಲಿ ಕೆರೆಯನ್ನು ಕಾಯುವ ಈ ಕಲ್ಪನೆಯನ್ನು ಕೇಳಿದರೆ ನಮ್ಮ ಬಯಲುಸೀಮೆಯ ರೈತನು ಬೆರಗಾದಾನು. ಬರಿದಾದ ಕೆರೆಗೆ ಬಾಗಿನ ಕೊಡುವವರುಂಟೆ? ನಾಲ್ಕು ತಿಂಗಳ ಮಳೆಯಲ್ಲಿ ಹನ್ನೆರಡು ತಿಂಗಳು ಬಾಳಬೇಕಾದ ನಾಡಿಗೆ ಈ ಐಶ್ವರ್ಯ ಸಲ್ಲದೆಂಬುದೂ ನಿಜ.

ಅಮೆರಿಕೆಯಲ್ಲಿಯೂ ಈ ಸಣ್ಣ ಏರಿಗಳ ಬಗ್ಗೆ ದೊಡ್ಡ ಜಗಳವಾಯಿತು. ೧೯೫೪ರಲ್ಲಿ ಸಣ್ಣ ಜಲಾನಯನಗಳ ಕಾಯಿದೆಯಾಗಿ ದೇಶದ ತುಂಬ ಇವು ಹರಡಲು ಮೊದಲಾದಾಗ, ಅದೇ ವರ್ಷ ಲೂನಾ ಲಿಯೋಪೋಲ್ಡ್ ಮತ್ತು ಥಾಮಸ್ ಮ್ಯಾಡಕ್ ಎಂಬ ಇಬ್ಬರು ಜಲಶಾಸ್ತ್ರಜ್ಞರು ವಾದವನ್ನು ತೂಗಿನೋಡಿ, ಸಣ್ಣ ಏರಿಯ ರಕ್ಷಣೆ ಅದರ ಕೆಳಗಣ ಹತ್ತಿರದ ಹೊಲಗಳಿಗೆ ಸಲ್ಲುತ್ತದೆ, ದೂರ ಹೋದಂತೆ ಕ್ಷೀಣಿಸುತ್ತದೆ, ಮಹಾನದಿಯ ಮಹಾಪೂರಕ್ಕೆ ಅದು ಉತ್ತರವಲ್ಲವೆಂದು ತೋರಿಸಿದರು. ಈ ಮಾತನ್ನು ಮೂಸಿಗೆ ಹಚ್ಚಿ ನೋಡಬಹುದು. ೭೮೮ ಏರಿಗಳೂ ಗಟ್ಟಿಯಾಗಿ ನಿಂತಿದ್ದರೂ ಆ ಮಳೆಯಲ್ಲಿ ಹೈದರಾಬಾದು ತೊಯ್ಯದೆ ಉಳಿಯುತ್ತಿರಲಿಲ್ಲ. ಆದರೆ ನೆರೆಯ ಎತ್ತರ ಕಡಮೆಯಾಗುತ್ತಿತ್ತು. ೨೨೧ ಕೆರೆಗಳ ಕೆಳಗಿದ್ದ ಹಳ್ಳಿಗಳ ಗದ್ದೆ ಮನೆಗಳು ಬಹುಮಟ್ಟಿಗೆ ಉಳಿಯುತ್ತಿದ್ದವು. ಆ ಹಳ್ಳಿಗಳ ನಷ್ಟದ ವಿವರ ನಗರದ ವಿವರದಷ್ಟು ಯಾರ ಬಾಯಲ್ಲಿಯೂ ಉಳಿದಿಲ್ಲ.

ಅಮೆರಿಕೆಯ ಕಾಯಿದೆಗಳಡಿಯಲ್ಲಿ ಎದ್ದ ಏರಿಗಳು ಸುಮಾರು ಹನ್ನೆರಡು ಸಾವಿರ. ಅವುಗಳಲ್ಲಿ ಬಹುಪಾಲಿಗೆ ನಿಗದಿ ಮಾಡಿದ್ದ ಆಯುಸ್ಸು ಐವತ್ತು ವರ್ಷ. ಅದು ಮುಗಿಯುತ್ತ ಬಂದಾಗ ೨೦೦೦ದಲ್ಲಿ ಜೀರ್ಣೋದ್ಧಾರಕ್ಕಾಗಿ ಮತ್ತೊಂದು ಕಾಯಿದೆ ಮಾಡಬೇಕಾಯಿತು. ಹೊಲಗಳ ರಕ್ಷಣೆಗೆ ಕಟ್ಟಿದ ಏರಿಯ ಕೆಳಗೆ ಹೊಲಗಳು ಹೋಗಿ ಮನೆಗಳು ಬಂದಿದ್ದವು. ಕಾವಲುಗಾರ ಬೇಡವೆಂದು ಕಟ್ಟಿದ ಏರಿಗೂ ಹುಲ್ಲು ಕೊಯ್ಯುವವನು, ಬಿಲ ಮುಚ್ಚುವವನು, ತುಕ್ಕು ಹಿಡಿದ ಕೊಳವೆಯನ್ನು ನೋಡುವವನು ಬೇಕೇ ಬೇಕಾದನು.

ನಮ್ಮ ಕಡೆಯ ಈಚಿನ ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ೨೦೧೯ರ ಜುಲೈ ೨ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿನ ಸಣ್ಣ ಮಣ್ಣಿನ ಅಣೆ ಒಡೆದು ಇಪ್ಪತ್ತರಷ್ಟು ಜನ ಸತ್ತರು. ಏರಿಯಲ್ಲಿ ನೀರು ಜಿನುಗುತ್ತಿದೆಯೆಂದು ಹಳ್ಳಿಯವರು ಮೊದಲೇ ದೂರಿಕೊಂಡಿದ್ದರು. ಪೋರುಮಾಮಿಳ್ಳದ ಶಾಸನದ ಮೊದಲನೆಯ ದೋಷವದು. ಏಡಿಗಳು ತೋಡಿದ್ದರಿಂದ ಏರಿ ಒಡೆಯಿತೆಂದು ಆಳುವವರ ಕಡೆಯಿಂದ ಮಾತು ಬಂದಾಗ ಜನ ನಕ್ಕರು. ನಾನು ನಗಲಿಲ್ಲ. ಏಡಿ ತೋಡುವುದು ನಿಜ. ಆ ಬಿಲವನ್ನು ಮುಚ್ಚುವವನು ಎಲ್ಲಿಗೆ ಹೋದನೆಂದು ಯಾರೂ ಕೇಳಲಿಲ್ಲವೆಂಬುದೇ ನನಗೆ ಸೋಜಿಗ. ಅದೇ ವರ್ಷ ನವೆಂಬರ್ ೨೪ರಂದು ಬೆಂಗಳೂರಿನ ಹು‌ಳಿಮಾವಿನ ಕೆರೆಯ ಏರಿಯನ್ನು ಅಗೆದದ್ದರಿಂದ ಅದು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು.

ಹೈದರಾಬಾದಿನಲ್ಲಿ ೨೦೨೦ರ ಅಕ್ಟೋಬರ್ ತಿಂಗಳಿನ ಮಳೆಗೆ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು. ನೆರೆಯನ್ನು ತಡೆಯಲೆಂದು ಹುಟ್ಟಿದ ಆ ಜಲಾಶಯ ಕಾಲಕ್ರಮದಲ್ಲಿ ನಗರಕ್ಕೆ ಕುಡಿಯುವ ನೀರಿನ ಆಸರೆಯಾಗಿ, ತುಂಬಿರಲೆಂದು ಎಲ್ಲರೂ ಹಾರೈಸುವ ಕೆರೆಯಾಗಿದೆ. ಹೆಂಟೆಯಿಡುವ ರೈತನ ಮನಸ್ಸು ನಗರಕ್ಕೂ ಬಂದಿದೆ. ಅದೇ ಅಕ್ಟೋಬರ್ ೧೭ರ ರಾತ್ರಿ ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಹಳೆಯ ನಗರದ ಬಡಾವಣೆಗಳು ಮುಳುಗಿದವು. ಅಲ್ಲಿ ಹರಿದದ್ದು ಮೂಸಿಯ ನೀರಲ್ಲ. ಹಳ್ಳಿಯೊಂದರ ಗದ್ದೆಗಾಗಿ ಕಟ್ಟಿದ ಒಂದು ಸಣ್ಣ ಕೆರೆಯ ನೀರು. ಗದ್ದೆಗಳಿದ್ದ ಕಡೆ ಮನೆಗಳಿದ್ದವು.